ರಾತ್ರಿ ಹೊತ್ತು ಕೋಳಿಗೂಡಿಗೆ ಕಾವಲು: ನಮ್ಮ ಅನುಭವ

"ಜಾಲರಿ ಇದೆ, ಚಿಲಕವೂ ಹಾಕ್ತೀನಿ, ಆದರೂ ರಾತ್ರಿ ಏನೋ ಬಂದು ಕೋಳಿ ಕೊಲ್ತಿದೆ, ಏನು ಮಾಡಲಿ?" ಅಂತ ಕೇಳಿದ್ದೀರಿ. ಬೆಳಿಗ್ಗೆ ಎದ್ದು ಅದನ್ನು ನೋಡುವ ಸಂಕಟ ಕೋಳಿ ಸಾಕಿದವರಿಗೆ ಗೊತ್ತು.

ಮೊದಲು ಇವತ್ತು ರಾತ್ರಿಯ ಮಾತು. ಒಮ್ಮೆ ರುಚಿ ಕಂಡ ಪ್ರಾಣಿ ಮತ್ತೆ ಬರುತ್ತದೆ, ಹೆಚ್ಚಾಗಿ ಬಂದ ದಾರಿಯಲ್ಲೇ. ಗೂಡು ಸರಿ ಮಾಡುವ ತನಕ ಉಳಿದ ಕೋಳಿಗಳನ್ನು ಗಟ್ಟಿ ಬಾಗಿಲಿರುವ ಕೋಣೆಯಲ್ಲಿ ಕೂಡಿಹಾಕಿ.

ಆಮೇಲೆ ಬಂದದ್ದು ಯಾವುದು ಅಂತ ಹುಡುಕಿ. ಇಡೀ ಕೋಳಿಯೇ ನಾಪತ್ತೆಯಾಗಿ ಬರೀ ಗರಿ ಬಿದ್ದಿದ್ದರೆ ನರಿಯೋ ಕಾಡುಬೆಕ್ಕೋ ಇರಬಹುದು. ಹಲವು ಕೋಳಿ ಕೊಂದು ತಿನ್ನದೆ ಬಿಟ್ಟಿದ್ದರೆ ನಾಯಿ ಮೇಲೆ ಅನುಮಾನಪಡಿ. ಮೊಟ್ಟೆ, ಮರಿ ಮಾತ್ರ ಸದ್ದಿಲ್ಲದೆ ಮಾಯವಾದರೆ ಹಾವು ಅಥವಾ ಹೆಗ್ಗಣ. ತುಂಬಾ ಜನ ಮುಂಗುಸಿಯನ್ನು ದೂರುತ್ತಾರೆ. ಆದರೆ ಅದು ಓಡಾಡುವುದು ಜಾಸ್ತಿ ಹಗಲು. ಗೂಡಿನ ಸುತ್ತ ತೆಳ್ಳಗೆ ಮರಳು ಹರಡಿ, ಬೆಳಿಗ್ಗೆ ನೋಡಿ. ನಾಯಿ, ನರಿ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರಿನ ಚುಕ್ಕೆ ಕಾಣುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಇನ್ನು ಜಾಲರಿ. ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಇದೆ. ಆರು ಮೂಲೆ ಕಣ್ಣಿನ ತೆಳು ತಂತಿಯ ಜಾಲರಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ನಾಯಿ ಹಲ್ಲಲ್ಲಿ ಕಚ್ಚಿ ಎಳೆದರೆ ಹರಿದು ಬರುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ, ಹಾಕಿಸಿ. ಸುಮ್ನೆ ಮೊಳೆ ಬಗ್ಗಿಸಿ ಬಿಡಬೇಡಿ, ಅಂಚಿನ ಉದ್ದಕ್ಕೂ ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ. ಬುಡದಲ್ಲಿ ಅದೇ ಮೆಶ್ಶನ್ನು ಹೊರಗಡೆಗೆ ಒಂದೂವರೆ ಎರಡು ಅಡಿ ನೆಲದ ಮೇಲೆ ಹಾಸಿ, ಕಲ್ಲು ಮಣ್ಣು ಮುಚ್ಚಿ. ಅಗೆಯುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ. ಅಲ್ಲಿ ಕಾಲಿಗೆ ತಂತಿ ಸಿಕ್ಕಿದರೆ ಮುಂದೆ ಅಗೆಯಲು ಆಗುವುದಿಲ್ಲ.

ಮೇಲೂ ನೋಡಿ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕೆಳಗೆಲ್ಲ ಭದ್ರವಾಗಿತ್ತು. ಪುನುಗು ಬೆಕ್ಕು ಮರ ಹತ್ತಿ ಮಾಡಿಗೆ ಇಳಿದು, ಗೋಡೆಗೂ ಶೀಟಿಗೂ ನಡುವಿನ ಸಂದಿಯಲ್ಲಿ ನುಸುಳುತ್ತಿತ್ತು. ಶೀಟಿನ ಅಂಚಿಗೆ ಅಂಟಿದ್ದ ಕೂದಲು ನೋಡಿ ಗೊತ್ತಾಯಿತು. ಸಂದಿಗೆ ಮೆಶ್ ಹೊಡೆದರು, ಮಾಡಿನ ಮೇಲೆ ಬಾಗಿದ ಕೊಂಬೆ ಕಡಿದರು. ಗಾಳಿಯೂ ಆಡುತ್ತದೆ, ಕಾಟವೂ ನಿಂತಿತು.

ಕೋಳಿ ಕೂರುವ ಕೋಲು ಜಾಲರಿಗೆ ತಾಗಿರಬಾರದು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಹೊರಗಿನಿಂದ ಪಂಜ ಹಾಕಿ ಹಿಡಿದರೂ ತಪ್ಪಿಸಿಕೊಳ್ಳಲಾರದು ಪಾಪ.

ಚಿಲಕ ತಾನಾಗಿ ಜಾರದ ಹಾಗೆ ತೂತಿಗೆ ಒಂದು ಕೊಕ್ಕೆಯನ್ನೂ ಸಿಕ್ಕಿಸಿ. ಮುಸ್ಸಂಜೆಗೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಆಗಲೇ ಎಣಿಸಿ ಬಾಗಿಲು ಹಾಕಿ, "ಊಟ ಆದಮೇಲೆ ನೋಡೋಣ" ಅಂತ ಬಿಡಬೇಡಿ. ಉಳಿದ ಕಾಳು ರಾತ್ರಿ ಅಲ್ಲೇ ಇಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು.

ಮಿನುಗುವ ದೀಪ ಕೆಲವರಿಗೆ ಕೆಲಸ ಮಾಡಿದೆ. ಆದರೆ ಒಂದೇ ಜಾಗದಲ್ಲಿಟ್ಟರೆ ಪ್ರಾಣಿಗೆ ಅಭ್ಯಾಸವಾಗಿಬಿಡುತ್ತದೆ. ವಿಷ ಮಾತ್ರ ಇಡಲೇಬೇಡಿ. ನಿಮ್ಮ ಕೋಳಿಯೋ ಪಕ್ಕದ ಮನೆ ನಾಯಿಯೋ ತಿಂದು ಸಾಯಬಹುದು. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು.

ಸತ್ತ ಕೋಳಿ ಎಲ್ಲಿ ಬಿದ್ದಿತ್ತು, ಗಾಯ ಎಲ್ಲಿತ್ತು, ಜಾಲರಿ ಎಲ್ಲಾದರೂ ಬಗ್ಗಿದೆಯಾ, ಬರೆಯಿರಿ. ಯಾವ ಕಡೆಯಿಂದ ಬಂದಿದೆ ಅಂತ ಸೇರಿ ಯೋಚಿಸೋಣ.