ಬಾಲ್ಕನಿಯ ಹಳದಿ ಬಟನ್ ರೋಸ್: ನರ್ಸರಿಯವರನ್ನು ಕೇಳಿ

ಈ ವಾರ ಉತ್ತರ ಕೊಡುತ್ತಿರುವವರು ಬೆಂಗಳೂರಿನಲ್ಲಿ ಗುಲಾಬಿ ಸಸಿ ಬೆಳೆಸಿ ಮಾರುವ ನಮ್ಮ ಗುಂಪಿನ ಸದಸ್ಯರು.

ಪ್ರಶ್ನೆ (ವಿಜಯನಗರ): ನಮಸ್ಕಾರ ಸರ್. ನಮ್ಮದು ಮೂರನೇ ಮಹಡಿ. ಬಾಲ್ಕನಿ ದಕ್ಷಿಣಕ್ಕಿದೆ, ಹತ್ತಡಿ ಉದ್ದ, ನಾಲ್ಕಡಿ ಅಗಲ. ಜನವರಿಯಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋಗಿ ಬರುವಾಗ ಹಳದಿ ಬಟನ್ ರೋಸ್ ತಂದೆ. ಆಗ ಗೇಣುದ್ದ ಇತ್ತು, ದುಂಡಗೆ, ಮೈತುಂಬ ಹೂವು. ಈಗ ಜುಲೈ. ಕಡ್ಡಿ ಕಡ್ಡಿಯಾಗಿ ಎರಡಡಿ ಎದ್ದಿದೆ. ಎಲೆ ಮೇಲೆ ಕಪ್ಪು ಚುಕ್ಕೆ, ಕೆಳಗಿನಿಂದ ಹಳದಿಯಾಗಿ ಉದುರುತ್ತಿದೆ. ಪಕ್ಕದಲ್ಲೇ ಇರುವ ಕೆಂಪು ಬಟನ್ ರೋಸಿನಲ್ಲಿ ಹೂವು ಕಮ್ಮಿಯಾಗಿದೆ, ಆದರೆ ಎಲೆ ಹಸಿರಾಗೇ ಇದೆ. ಹಳದಿಗೆ ಮಾತ್ರ ಯಾಕೆ ಹೀಗೆ? ಗೊಬ್ಬರ ಜಾಸ್ತಿ ಹಾಕಲಾ?

ಉತ್ತರ: ಗೊಬ್ಬರ ಸದ್ಯಕ್ಕೆ ಬೇಡ ಮೇಡಂ. ಗಿಡಕ್ಕೆ ಕಮ್ಮಿ ಬಿದ್ದಿರುವುದು ಬಿಸಿಲು.

ದಕ್ಷಿಣದ ಬಾಲ್ಕನಿ ಅಂದರೆ ವರ್ಷವಿಡೀ ಬಿಸಿಲು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಬೆಂಗಳೂರಿಗೆ ಆ ಮಾತು ಹೊಂದುವುದಿಲ್ಲ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೂ ಅವನ ಓಡಾಟ ಉತ್ತರದ ಕಡೆ. ಅಷ್ಟೂ ದಿನ ನಿಮ್ಮ ಬಾಲ್ಕನಿಗೆ, ಅದರಲ್ಲೂ ಮೇಲೊಂದು ಸಜ್ಜಾ ಇದ್ದರೆ, ನೇರ ಬಿಸಿಲು ಹೆಚ್ಚುಕಮ್ಮಿ ಇಲ್ಲ. ಜನವರಿಯಲ್ಲಿ ಬಾಲ್ಕನಿ ತುಂಬ ಬಿಸಿಲಿದ್ದಾಗ ಗಿಡ ತಂದಿದ್ದೀರಿ. ಈಗ ಅದು ಬೆಳಕು ಹುಡುಕಿಕೊಂಡು ಉದ್ದ ಆಗುತ್ತಿದೆ.

ಇನ್ನೊಂದು ವಿಷಯ ನಮ್ಮ ವ್ಯಾಪಾರದ್ದು, ಹೇಳಿಬಿಡುತ್ತೇನೆ. ಮಾರಾಟಕ್ಕೆ ಬರುವ ಸಣ್ಣ ಕುಂಡದ ಗುಲಾಬಿಗಳಿಗೆ ಎಷ್ಟೋ ಕಡೆ ಬೆಳವಣಿಗೆ ತಡೆಯುವ ಔಷಧಿ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಬರುತ್ತದೆ. ಮಿನಿಯೇಚರ್, ಅಂದರೆ ನಿಮ್ಮ ಬಟನ್ ರೋಸಿನಂಥ ಪುಟ್ಟ ಗುಲಾಬಿ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಡಿ. ಜೊತೆಗೆ ಬುಡದ ಮಣ್ಣು ಸ್ವಲ್ಪ ಸರಿಸಿ ನೋಡಿ. ಒಂದೇ ಗಿಡ ಅಂದುಕೊಂಡಿದ್ದು ಮೂರೋ ನಾಲ್ಕೋ ಕಡ್ಡಿ ಒತ್ತೊತ್ತಾಗಿ ನೆಟ್ಟಿದ್ದಿರಬಹುದು. ಅಂಗಡಿಯಲ್ಲಿ ದುಂಡಗೆ ಕಾಣುವುದು ಹಾಗೆ. ಒಳಗೆ ಗಾಳಿ ಆಡದೆ ಎಲೆ ಒದ್ದೆಯಾಗೇ ಉಳಿಯುವುದೂ ಅದರಿಂದಲೇ.

ಹಳದಿಗೇ ಯಾಕೆ ಅಂದಿರಲ್ಲ. ಅದು ವಂಶದಿಂದ ಬಂದದ್ದು. ಮತ್ತೆ ಮತ್ತೆ ಹೂ ಬಿಡುವ ತೋಟದ ಗುಲಾಬಿಗಳಲ್ಲಿ ಮೊದಲು ಗಾಢ ಹಳದಿ ಇರಲಿಲ್ಲ. ಫ್ರಾನ್ಸಿನ ಲಿಯಾನ್ ಊರಿನ ಪೆರ್ನೆ-ಡುಶೆ ಅನ್ನುವವರು ‘ಪರ್ಷಿಯನ್ ಯೆಲ್ಲೋ’ ಗುಲಾಬಿಯ ಜೊತೆ ಸಂಕರ ಮಾಡಿ 1900ರಲ್ಲಿ ‘ಸೊಲೆ ದೋರ್’ ತಳಿ ಹೊರತಂದರು. ಬಣ್ಣದ ಜೊತೆಗೇ ಕಪ್ಪು ಚುಕ್ಕೆ ರೋಗಕ್ಕೆ ಬೇಗ ಸೋಲುವ ಗುಣವೂ ಇಳಿದು ಬಂತು. ಆಮೇಲೆ ಬಂದ ಎಷ್ಟೋ ಹಳದಿ ತಳಿಗಳಿಗೆ ಅದು ಇವತ್ತಿಗೂ ಬಿಟ್ಟಿಲ್ಲ. ಹಾಗಂತ ಎಲ್ಲ ಹಳದಿಯೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್ 1977ರಲ್ಲಿ ಕೊಟ್ಟ ‘ರೈಸ್ ಎನ್ ಶೈನ್’ ಮಿನಿಯೇಚರ್ ಹಳದಿಗಳಲ್ಲಿ ದೊಡ್ಡ ಹೆಸರು. ನಮ್ಮ ನರ್ಸರಿಗಳಲ್ಲಿ ಮಾತ್ರ ತಳಿಯ ಹೆಸರು ಯಾರೂ ಬರೆದಿಡುವುದಿಲ್ಲ, ಎಲ್ಲವೂ ‘ಹಳದಿ ಬಟನ್’!

ಈಗ ಮಾಡಬೇಕಾದ್ದು. ಚುಕ್ಕೆ ಬಿದ್ದ ಎಲೆ ಎಲ್ಲ ಕಿತ್ತು, ಕುಂಡದಲ್ಲಿ ಉದುರಿದ್ದನ್ನೂ ಆರಿಸಿ ಕಸಕ್ಕೆ ಹಾಕಿ. ಕಾಂಪೋಸ್ಟ್ ಡಬ್ಬಕ್ಕೆ ಬೇಡ. ಉದ್ದ ಕಡ್ಡಿಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಹೊರಗಡೆಗೆ ಮುಖ ಮಾಡಿದ ಚಿಗುರು ಮೊಗ್ಗಿನ (ಹೂವಿನದ್ದಲ್ಲ) ಸ್ವಲ್ಪ ಮೇಲೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಝೆಬ್ (ಶಿಲೀಂಧ್ರನಾಶಕ ಪುಡಿ) ಕಲಸಿ ಎಲೆಯ ಎರಡೂ ಬದಿಗೆ ಸಿಂಪಡಿಸಿ, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ. ಗ್ಲೌಸು, ಮಾಸ್ಕ್ ಇರಲಿ, ಮಕ್ಕಳು ದೂರ ಇರಲಿ. ಇದು ಹೊಸ ಎಲೆ ಕಾಯುವ ಔಷಧಿ. ಚುಕ್ಕೆ ಬಂದ ಎಲೆ ಮತ್ತೆ ಸರಿಹೋಗುವುದಿಲ್ಲ. ಆಗಸ್ಟ್ ಕೊನೆವರೆಗೆ ಗಿಡವನ್ನು ಟೆರೇಸಿಗೆ ಒಯ್ಯಲು ಮನೆ ಓನರ್ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಪ್ರಶ್ನೆ (ಅದೇ ಸದಸ್ಯೆ): ಸಂಜೆ ಆಫೀಸಿಂದ ಬಂದು ಪೈಪಲ್ಲಿ ಗಿಡಕ್ಕೆಲ್ಲ ಸ್ನಾನ ಮಾಡಿಸುತ್ತೇನೆ. ಅದು ಪರವಾಗಿಲ್ವಾ?

ಉತ್ತರ: ಅದನ್ನು ಇವತ್ತೇ ನಿಲ್ಲಿಸಿ. ಎಲೆ ಸುಮಾರು ಏಳು ಗಂಟೆ ಒದ್ದೆ ಇದ್ದರೆ ಕಪ್ಪು ಚುಕ್ಕೆ ತರುವ ಶಿಲೀಂಧ್ರಕ್ಕೆ ಒಳಹೊಕ್ಕಲು ಸಾಕು. ಸಂಜೆ ಒದ್ದೆ ಮಾಡಿದ ಎಲೆ ರಾತ್ರಿಯೆಲ್ಲ ಆರುವುದಿಲ್ಲ. ನೀರಿನ ಹನಿ ಚಿಮ್ಮಿ ಒಂದು ಎಲೆಯಿಂದ ಇನ್ನೊಂದಕ್ಕೂ ದಾಟುತ್ತದೆ. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಬೆರಳು ಒಂದು ಇಂಚು ಒಳಗಿಟ್ಟು ಮಣ್ಣು ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ.

ಪ್ರಶ್ನೆ (ಯಲಹಂಕ): ಅಣ್ಣ, ನಮ್ಮಲ್ಲಿ ಉಲ್ಟಾ. ಕೆಳಗಿನ ಎಲೆ ಹಸಿರು, ತುದಿಯ ಹೊಸ ಎಲೆ ಹಳದಿ. ಚುಕ್ಕೆ ಏನೂ ಇಲ್ಲ. ಬೋರ್‌ವೆಲ್ ನೀರು ಹಾಕುತ್ತೇವೆ.

ಉತ್ತರ: ಒಂದು ಹೊಸ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರ ಹಸಿರಾಗಿ, ಮಧ್ಯದ ಜಾಗ ಮಾತ್ರ ಹಳದಿ ಇದ್ದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಬೇರಿಗೆ ಸಿಗುವುದಿಲ್ಲ. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದೆಯಾ? ಹಾಗಿದ್ದರೆ ಅದೇ. ಅಂಗಡಿಯಲ್ಲಿ ಚೀಲೇಟೆಡ್ ಐರನ್ (ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ) ಕೇಳಿ, ಪ್ಯಾಕೆಟ್ ಮೇಲೆ ಬರೆದಷ್ಟೇ ಹಾಕಿ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು, ಕಾಸೂ ಇಲ್ಲ.

ಪ್ರಶ್ನೆ (ಮೈಸೂರು): ಎಷ್ಟು ದೊಡ್ಡ ಕುಂಡ, ಮಣ್ಣು ಏನು? ಟೀ ಪುಡಿ ದಿನಾ ಹಾಕುತ್ತೇನೆ, ಯೂಟ್ಯೂಬಲ್ಲಿ ಹೇಳಿದ್ದಾರೆ.

ಉತ್ತರ: ಎಂಟರಿಂದ ಹತ್ತು ಇಂಚಿನ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ, ಮೇಲೊಂದು ಹಿಡಿ ಬೇವಿನ ಹಿಂಡಿ. ಬರೀ ಕೋಕೋಪೀಟ್‌ನಲ್ಲಿ ನೆಡಬೇಡಿ, ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಟೀ ಪುಡಿ ಹಾಲು ಸಕ್ಕರೆ ಜೊತೆ ಕುದಿಸಿದ್ದು ಅಲ್ವಾ? ತೊಳೆಯದೆ ಹಾಕಿದರೆ ಇರುವೆ ಬರುತ್ತದೆ. ಇರುವೆ ಇದ್ದ ಕಡೆ ಗಿಡದ ಹೇನು, ಹಿಟ್ಟು ತಿಗಣೆ ಬೆಳೆಯುವುದು ಸುಲಭ, ಅವುಗಳ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಲ್ಲುತ್ತವೆ. ತೊಳೆದು ಒಣಗಿಸಿ, ಅದೂ ತಿಂಗಳಿಗೊಂದು ಹಿಡಿ ಹಾಕಿ. ದಿನಾ ಬೇಡ.

ಪ್ರಶ್ನೆ (ಜಯನಗರ): ಮೊಗ್ಗು ಬರುತ್ತದೆ, ಅಂಚು ಕಂದಾಗಿ ಅರಳದೆ ನಿಲ್ಲುತ್ತದೆ. ಅರಳಿದ್ದೂ ಎರಡು ದಿನಕ್ಕೆ ಬೆಳ್ಳಗಾಗುತ್ತದೆ.

ಉತ್ತರ: ಬೆಳ್ಳಗಾಗುವುದು ಬೇಸಿಗೆಯಲ್ಲಿ ಸಹಜ. ಹಳದಿ ಬಣ್ಣ ಬಿಸಿಲಿಗೆ ಬೇಗ ತೆಳುವಾಗುತ್ತದೆ. ನಮ್ಮ ಊರಿನಲ್ಲಿ ಒಳ್ಳೆ ಬಣ್ಣ ನೋಡಬೇಕಾದರೆ ನವೆಂಬರ್‌ನಿಂದ ಫೆಬ್ರವರಿ.

ಅರಳದ ಮೊಗ್ಗಿಗೆ ಕಾರಣ ಬಹುಶಃ ಥ್ರಿಪ್ಸ್. ಬಿಳಿ ಕಾಗದದ ಮೇಲೆ ಮೊಗ್ಗು ಬಿಡಿಸಿ ಕೊಡವಿ. ಎಳ್ಳಿಗಿಂತ ಸಣ್ಣಗೆ, ಗೆರೆ ಎಳೆದ ಹಾಗೆ ಓಡಾಡುವ ಹುಳ ಕಂಡರೆ ಅದೇ. ತಿಳಿ ಬಣ್ಣದ ಹೂವು ಅಂದರೆ ಅದಕ್ಕೆ ಬಲು ಇಷ್ಟ. ಕೆಟ್ಟ ಮೊಗ್ಗೆಲ್ಲ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಎಸೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಹಾಕಿ ಮುಂಜಾನೆ ಅಥವಾ ಬಿಸಿಲು ಇಳಿದ ಮೇಲೆ ಸಿಂಪಡಿಸಿ, ವಾರಕ್ಕೊಮ್ಮೆ.

ಪ್ರಶ್ನೆ (ರಾಜಾಜಿನಗರ): ನಮ್ಮದು ಒಳಗಿನ ಯುಟಿಲಿಟಿ, ಬಿಸಿಲು ಒಂದು ಗಂಟೆ ಬಂದರೆ ಜಾಸ್ತಿ. ಗ್ರೋ ಲೈಟ್ ಹಾಕಿ ಬೆಳೆಸಬಹುದಾ?

ಉತ್ತರ: ಬೆಳೆಸಬಹುದು, ಆದರೆ ನಾನು ಗಿಡ ಮಾರುವವನಾಗಿಯೂ ಬೇಡ ಅಂತಲೇ ಹೇಳುತ್ತೇನೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದ ಕಡೆ ಗುಲಾಬಿಯ ಹಿಂದೆ ಬೀಳುವುದು ಸುಮ್ನೆ ತಲೆನೋವು. ಅಲ್ಲಿಗೆ ಪೀಸ್ ಲಿಲ್ಲಿಯೋ ಮನಿ ಪ್ಲಾಂಟೋ ಇಡಿ.

ಪ್ರಶ್ನೆ (ವಿಜಯನಗರದ ಸದಸ್ಯೆ): ಕೊನೇದು ಸರ್. ಆ ಮೂರ್ನಾಲ್ಕು ಕಡ್ಡಿಯನ್ನು ಈಗಲೇ ಬೇರೆ ಬೇರೆ ಮಾಡಲಾ? ದೀಪಾವಳಿಗೆ ಹೂವು ಸಿಗುತ್ತಾ?

ಉತ್ತರ: ಈಗ ರೋಗದಿಂದ ಸೊರಗಿದೆ, ಬೇರು ಅಲುಗಾಡಿಸಬೇಡಿ. ಮಣ್ಣಿನ ಗಡ್ಡೆ ಸಮೇತ ಹತ್ತು ಇಂಚಿನ ಕುಂಡಕ್ಕೆ ಇಳಿಸಿ ಸಾಕು. ಮಧ್ಯದ ಒಣಗಿದ, ತೆಳ್ಳನೆ ಕಡ್ಡಿಗಳನ್ನು ಬುಡಕ್ಕೇ ಕತ್ತರಿಸಿ, ಗಾಳಿ ಆಡಲಿ. ಬೇರ್ಪಡಿಸುವುದಿದ್ದರೆ ಮಳೆ ಹಿಂದೆಗೆದ ಮೇಲೆ, ಗಿಡ ಹೊಸ ಚಿಗುರು ಹಿಡಿದಾಗ ಮಾಡಿ. ಕತ್ತರಿಸಿದ ಮೇಲೆ ಹೂವಿಗೆ ಆರೇಳು ವಾರ ಬೇಕು. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಒಮ್ಮೆ ಹಗುರಾಗಿ ಸವರಿ. ಸೆಪ್ಟೆಂಬರ್ ಮಳೆ ಜೋರಾದರೆ ಮಾತ್ರ ನನ್ನನ್ನು ಬೈಯಬೇಡಿ, ಆ ತಿಂಗಳು ಮ್ಯಾಂಕೋಝೆಬ್ ತಪ್ಪಿಸಬೇಡಿ.