ಸಹಾಯ ಬೇಕು: ಮೈತ್ರಿ ಕೇಂದ್ರದಲ್ಲಿ ಚಳಿಗಾಲ ಕಳೆದವರು ಇದ್ದೀರಾ?

ನಮಸ್ಕಾರ. ನಾನೊಂದು ಪ್ರೇಮಕಥೆ ಬರೆಯುತ್ತಿದ್ದೇನೆ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಜೊತೆಗೆ ಕೆಲಸ ಮಾಡುವ ಇಬ್ಬರು ಗಂಡಸರ ಕಥೆ. ಒಬ್ಬ ಹವಾಮಾನ ದಾಖಲಿಸುವವನು, ಇನ್ನೊಬ್ಬ ಜನರೇಟರ್ ಮೆಕ್ಯಾನಿಕ್. ಕಾಲ 2019, ಅಂದರೆ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಸೆಕ್ಷನ್ 377ರ ತೀರ್ಪು ಕೊಟ್ಟ ಮರುವರ್ಷ. ಕಾನೂನಿನ ಭಯ ಹೋಗಿದೆ, ಜೊತೆಯವರ ಕಣ್ಣಿನ ಭಯ ಹೋಗಿಲ್ಲ. ಸುಮಾರು ಎರಡು ತಿಂಗಳು ಸೂರ್ಯನೇ ಮೂಡದ ಜಾಗ. ಜಗಳವಾದರೂ ಎದ್ದು ಹೋಗಲು ಆಗುವುದಿಲ್ಲ ಅಲ್ವಾ?

ಅಲ್ಲಿದ್ದು ಬಂದವರು ದಯವಿಟ್ಟು ಹೇಳಿ. ಇಬ್ಬರೇ ಕೂತು ಮಾತಾಡಲು ಎಲ್ಲಿ ಸಾಧ್ಯ? ಕೇಂದ್ರದ ಪಕ್ಕದ ಪ್ರಿಯದರ್ಶಿನಿ ಸರೋವರದ ಪಂಪ್ ಮನೆಯಲ್ಲಾ? ರಾತ್ರಿ ಪಾಳಿಯಲ್ಲಾ? ಗೋಡೆಯಾಚೆಗೆ ಮಾತು ಕೇಳಿಸುತ್ತದೆಯಾ?

ನಾನೂ ಸಲಿಂಗಿ. ಇವರಿಬ್ಬರ ಬಗ್ಗೆ ಸುಮ್ನೆ ಊಹಿಸಿ ಬರೆಯಲು ಮನಸ್ಸಿಲ್ಲ. ಮೆಸೇಜ್ ಮಾಡಿದರೂ ಸಾಕು, ನಿಮ್ಮ ಹೆಸರು ಎಲ್ಲೂ ಹೇಳುವುದಿಲ್ಲ.