ದಶಮಾಂಶಗಳ ಹೋಲಿಕೆ: ಪೋಷಕರ ಗುಂಪಿನಲ್ಲಿ ನಡೆದ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಐದನೆಯ, ಆರನೆಯ ತರಗತಿ ಓದುತ್ತಿರುವ ಮಕ್ಕಳ ಪೋಷಕರಿಗಾಗಿ ಇರುವ ಈ ಗುಂಪಿನಲ್ಲಿ ಈ ವಾರ ದಶಮಾಂಶ ಸಂಖ್ಯೆಗಳನ್ನು ಹೋಲಿಸುವ ಹಾಗೂ ಏರಿಕೆ, ಇಳಿಕೆ ಕ್ರಮದಲ್ಲಿ ಬರೆಯುವ ವಿಷಯವನ್ನು ಎತ್ತಿಕೊಂಡಿದ್ದೇವೆ. ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಗಣಿತ ಬೋಧಿಸಿ ನಿವೃತ್ತರಾಗಿರುವ ಶಿಕ್ಷಕಿಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ಆಲೂರಿನ ತಾಯಿ: ನಮಸ್ಕಾರ ಮೇಡಂ. ನನ್ನ ಮಗಳು 0.45 ದೊಡ್ಡದು, 0.6 ಚಿಕ್ಕದು ಎನ್ನುತ್ತಾಳೆ. ಕಾರಣ ಕೇಳಿದರೆ ನಲವತ್ತೈದು ಆರಕ್ಕಿಂತ ದೊಡ್ಡದಲ್ಲವೇ ಎಂದು ನನ್ನನ್ನೇ ಕೇಳುತ್ತಾಳೆ. ಹೇಗೆ ತಿಳಿಹೇಳಲಿ?

ಶಿಕ್ಷಕಿ: ನಮಸ್ಕಾರ. ನಿಮ್ಮ ಮಗಳು ಬಿಂದುವಿನ ಬಲಗಡೆ ಇರುವುದನ್ನು ಬೇರೆಯೇ ಒಂದು ಪೂರ್ಣ ಸಂಖ್ಯೆ ಎಂದುಕೊಂಡಿದ್ದಾಳೆ. ಈ ವಯಸ್ಸಿನಲ್ಲಿ ಇದು ಬಹಳ ಸಾಮಾನ್ಯ. ಮೊದಲು ಮನೆಯಲ್ಲಿ ಅದನ್ನು ‘ಪಾಯಿಂಟ್ ನಲವತ್ತೈದು’ ಎಂದು ಓದುವುದನ್ನು ಬಿಟ್ಟು ‘ಸೊನ್ನೆ ಬಿಂದು ನಾಲ್ಕು ಐದು’ ಎಂದು ಓದಿರಿ. ಬಳಿಕ ಚೌಕುಳಿ ಹಾಳೆಯ ಮೇಲೆ ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಮನೆಗಳ ಎರಡು ಚೌಕಗಳನ್ನು ಗುರುತಿಸಿ, ಒಂದೊಂದು ಚೌಕವೂ ‘ಒಂದು’ ಎಂದು ಹೇಳಿರಿ. ಹತ್ತು ಮನೆಗಳ ಒಂದು ಸಾಲು ಒಂದು ದಶಾಂಶ, ಒಂದೇ ಮನೆ ಒಂದು ಶತಾಂಶ. 0.6 ಎಂದರೆ ಆರು ಸಾಲು, 0.45 ಎಂದರೆ ನಾಲ್ಕು ಸಾಲು ಮತ್ತು ಐದು ಮನೆ. ಬಣ್ಣವನ್ನು ಅವಳೇ ಹಚ್ಚಲಿ, ನೀವು ಹಚ್ಚಿ ತೋರಿಸಬೇಡಿ. ಕ್ರಮ ಇಷ್ಟೇ: ಮೊದಲು ಬಿಂದುವಿನ ಎಡಗಡೆಯ ಪೂರ್ಣ ಭಾಗವನ್ನು ಹೋಲಿಸಬೇಕು, ಅದು ಸಮವಾಗಿದ್ದರೆ ದಶಾಂಶ ಸ್ಥಾನವನ್ನು, ಅದೂ ಸಮವಾಗಿದ್ದರೆ ಶತಾಂಶ ಸ್ಥಾನವನ್ನು ನೋಡಬೇಕು, ಎಡದಿಂದ ಬಲಕ್ಕೆ ಸಾಗುವಾಗ ಎಲ್ಲಿ ಮೊದಲ ವ್ಯತ್ಯಾಸ ಸಿಗುತ್ತದೆಯೋ ಅಲ್ಲಿಯೇ ತೀರ್ಮಾನವಾಗುತ್ತದೆ, ಮುಂದೆ ಎಷ್ಟು ಅಂಕಿಗಳಿದ್ದರೂ ಲೆಕ್ಕಕ್ಕಿಲ್ಲ.

ಕಡೂರಿನ ಪೋಷಕರು: ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ಕ್ರಮವೂ ಇದೇ ಅಲ್ಲವೇ ಮೇಡಂ? ಉದ್ದವಾದ ಪದವೇ ಕೊನೆಗೆ ಬರಬೇಕೆಂದೇನೂ ಇಲ್ಲ.

ಶಿಕ್ಷಕಿ: ಹೌದು, ಬಿಂದುವಿನ ಬಲಗಡೆಯ ಭಾಗಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ. ಎಡಗಡೆಯ ಭಾಗಕ್ಕೆ ಹೊಂದುವುದಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಹೇಳಿರಿ.

ಬೇಲೂರಿನ ತಂದೆ: ನನ್ನ ಮಗ 0.6 ದೊಡ್ಡದು, 0.45 ಚಿಕ್ಕದು ಎಂದು ಸರಿಯಾಗಿಯೇ ಹೇಳುತ್ತಿದ್ದುದರಿಂದ ಅವನಿಗೆ ಅರ್ಥವಾಗಿದೆ ಎಂದು ನಂಬಿದ್ದೆ. ಆದರೆ ನಿನ್ನೆ 0.3 ಎಂಬುದು 0.47ಕ್ಕಿಂತ ದೊಡ್ಡದು ಎಂದು ಬರೆದಿದ್ದಾನೆ. ಶತಾಂಶ ದಶಾಂಶಕ್ಕಿಂತ ಚಿಕ್ಕದು, ಆದ್ದರಿಂದ ಶತಾಂಶ ಇರುವ ಸಂಖ್ಯೆಯೂ ಚಿಕ್ಕದು ಎಂಬುದು ಅವನ ವಾದ.

ಶಿಕ್ಷಕಿ: ಇದು ಆಲೂರಿನ ಮಗುವಿನ ತಪ್ಪಿಗೆ ತಿರುಗುಮುರುಗಾದ ತಪ್ಪು. ಅವಳಿಗೆ ಉದ್ದವಾದದ್ದು ದೊಡ್ಡದು, ಇವನಿಗೆ ಗಿಡ್ಡವಾದದ್ದು ದೊಡ್ಡದು. ಭಿನ್ನರಾಶಿಯಲ್ಲಿ ಛೇದ ಹೆಚ್ಚಿದಂತೆ ತುಣುಕು ಕಿರಿದಾಗುತ್ತದೆ ಎಂದು ಕಲಿತಿದ್ದಾನೆ, ತುಣುಕುಗಳು ಎಷ್ಟಿವೆ ಎಂದು ನೋಡುವುದನ್ನು ಮರೆತಿದ್ದಾನೆ. ಇಬ್ಬರಿಗೂ ಅರ್ಧದಷ್ಟು ಉತ್ತರಗಳು ಸರಿಯಾಗಿಯೇ ಬರುತ್ತವೆ, ತೊಂದರೆ ಇರುವುದೇ ಅಲ್ಲಿ. ಪರೀಕ್ಷಿಸಬೇಕಾದರೆ 0.6 ಮತ್ತು 0.45, 0.3 ಮತ್ತು 0.47, 0.2 ಮತ್ತು 0.08, 0.5 ಮತ್ತು 0.50 ಎಂಬ ನಾಲ್ಕು ಜೋಡಿಗಳನ್ನೂ ಒಟ್ಟಿಗೆ ಕೊಡಿ; ಈ ಎರಡು ತಪ್ಪು ನಿಯಮಗಳಲ್ಲಿ ಯಾವುದನ್ನು ಹಿಡಿದಿದ್ದರೂ ಮಗು ನಾಲ್ಕನ್ನೂ ದಾಟಲಾರದು.

ಅರಸೀಕೆರೆಯ ಸದಸ್ಯರು: ಎಲ್ಲರಿಗೂ ಉಪಯುಕ್ತ ಮಾಹಿತಿ, ಒಂದು ಗುಂಪಿನಲ್ಲಿ ಬಂದದ್ದು: ‘ದಶಮಾಂಶ ಹೋಲಿಕೆಗೆ ಐದು ಸೆಕೆಂಡಿನ ಸೂತ್ರ. ಬಿಂದುವನ್ನು ಅಳಿಸಿ, ಉಳಿದ ಸಂಖ್ಯೆಗಳನ್ನು ಹೋಲಿಸಿ. ಕನಿಷ್ಠ ಹತ್ತು ಪೋಷಕರಿಗೆ ತಲುಪಿಸಿ.’

ಶಿಕ್ಷಕಿ: ದಯವಿಟ್ಟು ಒಬ್ಬರಿಗೂ ತಲುಪಿಸಬೇಡಿ. 1.75 ಮತ್ತು 2.5 ಎಂಬ ಸಂಖ್ಯೆಗಳ ಬಿಂದು ಅಳಿಸಿ ನೋಡಿ.

ಅರಸೀಕೆರೆಯ ಸದಸ್ಯರು: ಇದು ಅನುಭವಿ ಮುಖ್ಯೋಪಾಧ್ಯಾಯರೊಬ್ಬರ ಗುಂಪಿನಿಂದ ಬಂದ ಸಂದೇಶ, ಮೇಡಂ. ಅವರೂ ತಿಳಿದವರೇ.

ಶಿಕ್ಷಕಿ: ಯಾರ ಗುಂಪಿನಿಂದ ಬಂದರೂ 175 ಎಂಬುದು 25ಕ್ಕಿಂತ ದೊಡ್ಡದಾಗಿಯೇ ಇರುತ್ತದೆ, 1.75 ಮಾತ್ರ 2.5ಕ್ಕಿಂತ ದೊಡ್ಡದಾಗುವುದಿಲ್ಲ. ಬಿಂದುವಿನ ನಂತರ ಎರಡೂ ಕಡೆ ಒಂದೇ ಸಂಖ್ಯೆಯ ಅಂಕಿಗಳಿದ್ದಾಗ ಮಾತ್ರ ಈ ಉಪಾಯ ನಡೆಯುತ್ತದೆ, ಆ ಷರತ್ತನ್ನೇ ಸಂದೇಶ ಬರೆದವರು ನುಂಗಿಹಾಕಿದ್ದಾರೆ.

ಹಾಸನದ ತಾಯಿ: 0.45 ಮತ್ತು 0.6, ಇವೆರಡರಲ್ಲಿ ಯಾವುದು ದೊಡ್ಡದು ಎಂದು ತಿಳಿಸುವಿರಾ?

ಶಿಕ್ಷಕಿ: ಮೊದಲ ಉತ್ತರವನ್ನು ಓದಿ.

ಮೂಡಿಗೆರೆಯ ತಾಯಿ: ಮೇಡಂ, ನನ್ನ ಮಗ ಲೆಕ್ಕದಲ್ಲಿ ಚುರುಕಾದ ಹುಡುಗ. ಶಾಲೆಯಲ್ಲಿ 1.75, 2.1, 1.39, 1.5 ಇವುಗಳನ್ನು ಏರಿಕೆ ಕ್ರಮದಲ್ಲಿ ಬರೆಯಲು ಹೇಳಿದಾಗ ಅವನು 1.5, 1.39, 2.1, 1.75 ಎಂದು ಬರೆದಿದ್ದಾನೆ. ಎರಡು ದೊಡ್ಡದೋ ಒಂದು ದೊಡ್ಡದೋ ಎಂಬುದೂ ಇವನಿಗೆ ತಿಳಿಯದು ಎಂದು ಶಾಲೆಯವರು ಪುಸ್ತಕದಲ್ಲಿ ಬರೆದು ಕಳುಹಿಸಿದ್ದಾರೆ. 1.39ಕ್ಕೆ 0.01 ಕೂಡಿಸು ಎಂದರೆ 2 ಎನ್ನುತ್ತಾನೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಶಿಕ್ಷಕಿ: ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಜಮೀನಿನ ಕಾಗದಪತ್ರಗಳನ್ನು ನೋಡುವವರು ಯಾರಾದರೂ ಇದ್ದಾರೆಯೇ, ಮತ್ತು ಹುಡುಗ ಅವರ ಜೊತೆ ಕುಳಿತುಕೊಳ್ಳುತ್ತಾನೆಯೇ?

ಮೂಡಿಗೆರೆಯ ತಾಯಿ: ನಮ್ಮ ಮಾವನವರು ನೋಡುತ್ತಾರೆ. ತೋಟದ ಪಾಲಿನ ವಿಚಾರ ನಡೆಯುತ್ತಿರುವುದರಿಂದ ಪಹಣಿಗಳನ್ನು ಹರಡಿಕೊಂಡು ಮೊಮ್ಮಗನಿಂದಲೇ ಕೂಡಿಸುತ್ತಾರೆ. ನಿಮಗೆ ಹೇಗೆ ತಿಳಿಯಿತು?

ಶಿಕ್ಷಕಿ: ಹುಡುಗನ ಉತ್ತರವೇ ಹೇಳಿತು. ಬಿಂದುವಿನ ಬಲಗಡೆಯ ವಿಷಯದಲ್ಲಿ ತಪ್ಪುವ ಮಕ್ಕಳು ಸಾಮಾನ್ಯವಾಗಿ ಎಡಗಡೆಯಲ್ಲಿ ತಪ್ಪುವುದಿಲ್ಲ; ಹಾಗಿರುವಾಗ 2.1ನ್ನು 1.75ಕ್ಕಿಂತ ಮೊದಲು ಬರೆದ ಹುಡುಗ ಬೇರೆ ಯಾವುದೋ ಲೆಕ್ಕವನ್ನೇ ಮಾಡಿರಬೇಕು ಎಂದುಕೊಂಡೆ, 1.39ರ ಮುಂದಿನದು 2 ಎಂದಾಗ ಅನುಮಾನ ಉಳಿಯಲಿಲ್ಲ. ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ ವಿಸ್ತೀರ್ಣ ಬರೆಯುವಾಗ ಎಕರೆ ಮತ್ತು ಗುಂಟೆಯ ನಡುವೆ ಬಿಂದು ಇರುತ್ತದೆ. ನಿಮ್ಮ ಮಗನಿಗೆ 1.5 ಎಂದರೆ ಒಂದು ಎಕರೆ ಐದು ಗುಂಟೆ, ಅಂದರೆ 45 ಗುಂಟೆ, 1.39 ಎಂದರೆ 79 ಗುಂಟೆ, 2.1 ಎಂದರೆ 81 ಗುಂಟೆ; 1.75 ಎಂದರೆ ಒಂದು ಎಕರೆಯ ಮೇಲೆ ಎಪ್ಪತ್ತೈದು ಗುಂಟೆ, ಅಂದರೆ 115 ಗುಂಟೆ. ಅವನು ಬರೆದ ಕ್ರಮವನ್ನು ಇನ್ನೊಮ್ಮೆ ನೋಡಿ. 45, 79, 81, 115. ಒಂದೂ ತಪ್ಪಿಲ್ಲ. ನಲವತ್ತನ್ನು ಮೀರಿದ ಗುಂಟೆಯನ್ನು ಯಾವ ಪಹಣಿಯಲ್ಲಿಯೂ ಕಂಡಿರಲಾರದ ಹುಡುಗ ಅದನ್ನೂ ಬಿಡಿಸಿಕೊಂಡಿದ್ದಾನೆ. ಇಂತಹ ಉತ್ತರಕ್ಕೆ ಕೆಂಪು ಗೀಟು ಎಳೆದು ಸುಮ್ಮನಾದವರು ಹುಡುಗನನ್ನು ಒಂದು ಮಾತು ಕೇಳಬಹುದಾಗಿತ್ತು.

ಈಗ ಮಾಡಬೇಕಾದದ್ದು. ತಾತನ ಜೊತೆ ಕೂರುವುದನ್ನು ನಿಲ್ಲಿಸಬೇಡಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಕರೆಗೊಂದು, ಗುಂಟೆಗೊಂದು ಕಂಬಸಾಲು ಹಾಕಿ ಬಿಂದುವಿಲ್ಲದೆ ಬರೆಯಿಸಿ. ಅದರ ಪಕ್ಕದಲ್ಲಿ ಮೂರನೆಯ ಸಾಲೊಂದನ್ನು ಎಳೆದು ಅದೇ ವಿಸ್ತೀರ್ಣವನ್ನು ದಶಮಾಂಶದಲ್ಲಿ ಬರೆಯಲು ಹೇಳಿ. ಒಂದು ಗುಂಟೆ ಎಂದರೆ ಎಕರೆಯ ನಲವತ್ತನೆಯ ಒಂದು ಭಾಗ, ಅಂದರೆ 0.025 ಎಕರೆ. ಆದ್ದರಿಂದ ಒಂದು ಎಕರೆ ಐದು ಗುಂಟೆ 1.125 ಎಕರೆಯಾಗುತ್ತದೆ, ಒಂದು ಎಕರೆ ಮೂವತ್ತೊಂಬತ್ತು ಗುಂಟೆ 1.975 ಆಗುತ್ತದೆ, ಒಂದು ಎಕರೆ ಇಪ್ಪತ್ತು ಗುಂಟೆ ಮಾತ್ರವೇ 1.5 ಆಗುತ್ತದೆ. ಪಹಣಿಯ 1.20 ಮತ್ತು ಶಾಲೆಯ 1.5 ಒಂದೇ ಜಮೀನು ಎಂದು ಅವನೇ ಕಂಡುಕೊಂಡ ದಿನ ಈ ಗೊಂದಲ ತಾನಾಗಿಯೇ ಬಿಡುತ್ತದೆ. ಅಲ್ಲಿಯವರೆಗೆ ಏರಿಕೆ ಕ್ರಮದ ಲೆಕ್ಕಗಳನ್ನು ಹೇರಬೇಡಿ.

ಹೊಳೆನರಸೀಪುರದ ಸದಸ್ಯರು: ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿದವನಾಗಿ ಹೇಳುತ್ತೇನೆ, ಪಹಣಿಯಲ್ಲಿ ಬಿಂದು ಹಾಕುವುದು ತಪ್ಪೆಂಬಂತೆ ಮಾತನಾಡುವುದು ಸರಿಯಲ್ಲ. ಅದು ದಶಮಾಂಶ ಬಿಂದು ಎಂದು ಯಾರೂ ಹೇಳಿಲ್ಲ, ಎಕರೆ ಮತ್ತು ಗುಂಟೆಯನ್ನು ಬೇರ್ಪಡಿಸುವ ಗುರುತು ಮಾತ್ರ.

ಶಿಕ್ಷಕಿ: ತಪ್ಪೆಂದು ನಾನೂ ಹೇಳಿಲ್ಲ.

ಹಾಸನದ ಸದಸ್ಯರು: ಕ್ರಿಕೆಟ್ಟಿನಲ್ಲಿಯೂ ಹೀಗೆಯೇ. 19.3 ಓವರ್ ಎಂದರೆ ಹತ್ತೊಂಬತ್ತು ಓವರ್ ಮತ್ತು ಮೂರು ಎಸೆತ. ರನ್ ರೇಟ್ ತೆಗೆಯುವಾಗ ಅದನ್ನು 19.5 ಎಂದು ಹಿಡಿಯಬೇಕು, ಏಕೆಂದರೆ ಆರರಲ್ಲಿ ಮೂರು ಅರ್ಧ.

ಹೊಳೆನರಸೀಪುರದ ಸದಸ್ಯರು: ಸರ್ಕಾರಿ ದಾಖಲೆಯನ್ನು ಆಟದ ಜೊತೆ ಹೋಲಿಸಬೇಡಿ. ಪಹಣಿ ಎಂದರೆ ಏನೆಂದು ತಿಳಿಯದವರು ಮಾತನಾಡುವುದೇ ಹೆಚ್ಚಾಗಿದೆ.

ಹಾಸನದ ಸದಸ್ಯರು: ನನ್ನ ತಂದೆಯ ಪಹಣಿಯನ್ನು ನಾನೂ ನೋಡಿದ್ದೇನೆ, ಸ್ವಾಮಿ. ಗೌರವ ಕೊಟ್ಟು ಗೌರವ ತೆಗೆದುಕೊಳ್ಳಿ.

ಕಳಸದ ಬೆಳೆಗಾರರು: ನಮ್ಮ ತೋಟಗಳ ಮಳೆ ಪುಸ್ತಕವೇ ವಾಸಿ. ಇಂಚಿಗೆ ನೂರು ಸೆಂಟು, ಆದ್ದರಿಂದ ಅದು ನಿಜವಾದ ದಶಮಾಂಶ. ಮಕ್ಕಳಿಗೆ ಮಳೆಮಾಪಕ ಕೊಟ್ಟರೆ ಸಾಕು, ಶಾಲೆಯ ಪಾಠವೇ ಬೇಡ.

ಶಿಕ್ಷಕಿ: ಮಳೆ ಪುಸ್ತಕ ಒಳ್ಳೆಯದೇ, ಆದರೆ ಅಲ್ಲಿಯೂ ಒಂದು ಗುಂಡಿ ಇದೆ. ಒಂದು ಇಂಚು ಐದು ಸೆಂಟು ಮಳೆಯನ್ನು ಮಕ್ಕಳು 1.5 ಎಂದು ಬರೆದಿಡುತ್ತಾರೆ, ಬರೆಯಬೇಕಾದದ್ದು 1.05. ಇಂಚಿಗೆ 25.4 ಮಿಲಿಮೀಟರಿನಂತೆ 1.05 ಇಂಚು 26.67 ಮಿಲಿಮೀಟರಾದರೆ 1.5 ಇಂಚು 38.1 ಮಿಲಿಮೀಟರು. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸವನ್ನು ನೀವು ಸಹಿಸುವಿರಾ? ನಿಮ್ಮ ಮನೆಯ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.

ಕಳಸದ ಬೆಳೆಗಾರರು: ನೋಡಿದೆ. ಎರಡು ಕಡೆ ಹಾಗೆಯೇ ಬರೆದಿದೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಬರೆದದ್ದು, ಮಕ್ಕಳು ಬರೆದದ್ದಲ್ಲ.

ತರೀಕೆರೆಯ ತಾಯಿ: ನಮ್ಮ ಮಗಳು ಏಳನೆಯ ತರಗತಿ. ಋಣ ದಶಮಾಂಶಗಳಲ್ಲಿ, ಅಂದರೆ -0.5 ಮತ್ತು -0.45ರಲ್ಲಿ, ಕ್ರಮ ತಿರುಗುತ್ತದೆಯೇ?

ಚನ್ನರಾಯಪಟ್ಟಣದ ಪೋಷಕರು: ನವೋದಯ ಪ್ರವೇಶ ಪರೀಕ್ಷೆಗೆ ಯಾವ ಗೈಡ್ ಒಳ್ಳೆಯದು?

ಅರಸೀಕೆರೆಯ ಸದಸ್ಯರು: ಇನ್ನೊಂದು ಸಂದೇಶ, ಇದಾದರೂ ಸರಿಯಿರಬಹುದು: ‘ಬಿಂದುವಿನ ನಂತರ ಎಷ್ಟು ಸೊನ್ನೆ ಸೇರಿಸಿದರೂ ಬೆಲೆ ಬದಲಾಗುವುದಿಲ್ಲ. ಸೊನ್ನೆ ಸೇರಿಸಿ ಸಮ ಮಾಡಿಕೊಂಡು ಹೋಲಿಸಿ.’

ಶಿಕ್ಷಕಿ: ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಅರ್ಧ ಸರಿಯಿದೆ. ಸೊನ್ನೆಯನ್ನು ಬಲತುದಿಯಲ್ಲಿ ಸೇರಿಸಿದರೆ ಮಾತ್ರ ಬೆಲೆ ಬದಲಾಗುವುದಿಲ್ಲ: 0.6, 0.60, 0.600 ಮೂರೂ ಒಂದೇ. ಬಿಂದುವಿನ ಪಕ್ಕದಲ್ಲಿಯೇ ಸೇರಿಸಿದರೆ 0.06 ಆಗಿ ಬೆಲೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ‘ಬಿಂದುವಿನ ನಂತರ’ ಎಂದು ಓದಿದ ಮಗು ಅಲ್ಲಿಯೇ ಸೇರಿಸುತ್ತದೆ. ಚಿನ್ನದಂಗಡಿಯಲ್ಲಿ 4.050 ಗ್ರಾಮಿನ ಸರಕ್ಕೆ 4.5 ಗ್ರಾಮಿನ ಹಣ ಕೇಳಿದರೆ ನೀವು ಒಪ್ಪುವುದಿಲ್ಲವಲ್ಲ. ಇನ್ನು ಮುಂದೆ ಇಂತಹ ಸಂದೇಶಗಳಿಗೆ ನಾನು ಉತ್ತರಿಸುವುದಿಲ್ಲ.

ಅರಸೀಕೆರೆಯ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದವರಿಗೆ ಹೀಗೆ ಮುಖದ ಮೇಲೆ ಹೊಡೆದಂತೆ ಹೇಳಬೇಕಾಗಿರಲಿಲ್ಲ.

ಕಡೂರಿನ ಪೋಷಕರು: ಒಮ್ಮೆ ಹೇಳಿದರೆ ಕೇಳಬೇಕಾಗಿತ್ತು.

ಸಕಲೇಶಪುರದ ತಂದೆ: ನೂರು ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡು, 2012ರಲ್ಲಿ ಲಂಡನ್‌ನಲ್ಲಿ 9.63 ಸೆಕೆಂಡು ತೆಗೆದುಕೊಂಡರು. 9.58 ವಿಶ್ವದಾಖಲೆಯಾದ್ದರಿಂದ ಅದೇ ದೊಡ್ಡ ಸಂಖ್ಯೆ ಎಂದು ಮಗ ಹಟ ಹಿಡಿದಿದ್ದಾನೆ.

ಶಿಕ್ಷಕಿ: ಓಟದಲ್ಲಿ ಕಡಿಮೆ ಸಮಯ ಗೆಲ್ಲುತ್ತದೆ, ಎಸೆತದಲ್ಲಿ ಹೆಚ್ಚು ದೂರ ಗೆಲ್ಲುತ್ತದೆ. ನೀರಜ್ ಚೋಪ್ರಾ ಅವರ 2021ರ 87.58 ಮೀಟರನ್ನೂ 2024ರ ಒಲಿಂಪಿಕ್ಸಿನ 89.45 ಮೀಟರನ್ನೂ ಪಕ್ಕದಲ್ಲಿ ಬರೆದುಕೊಡಿ. ಮೊದಲನೆಯದಕ್ಕೆ ಚಿನ್ನ, ಎರಡನೆಯದಕ್ಕೆ ಬೆಳ್ಳಿ. ಪದಕ ಬೇರೆ, ಸಂಖ್ಯೆ ಬೇರೆ.

ಹಾಸನದ ಇನ್ನೊಬ್ಬ ಪೋಷಕರು: 0.45 ದೊಡ್ಡದೋ 0.6 ದೊಡ್ಡದೋ?

ಶಿಕ್ಷಕಿ: ಮೇಲಿದೆ.

ಹಾಸನದ ಇನ್ನೊಬ್ಬ ಪೋಷಕರು: ಒಂದು ಪದದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಇಷ್ಟು ಉದ್ದವನ್ನು ಓದುವಷ್ಟು ಸಮಯ ಎಲ್ಲರಿಗೂ ಇರುವುದಿಲ್ಲ.

ನಿರ್ವಾಹಕರು: ದಯವಿಟ್ಟು ಎಲ್ಲರೂ ಸಂಯಮದಿಂದ ಬರೆಯಿರಿ. ಪಹಣಿಯ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸಬೇಕೆಂದು ಇಬ್ಬರು ಹಿರಿಯರಲ್ಲಿಯೂ ಕೋರುತ್ತೇನೆ.

ಹೊಳೆನರಸೀಪುರದ ಸದಸ್ಯರು: ನಾನು ನಿಲ್ಲಿಸಿಯಾಗಿದೆ. ಹಿರಿಯರು ಇಬ್ಬರಲ್ಲ, ಒಬ್ಬರೇ.

ಮೂಡಿಗೆರೆಯ ತಾಯಿ: ಮೇಡಂ, ನೀವು ಹೇಳಿದಂತೆ ಮೂರು ಸಾಲು ಹಾಕಿಕೊಟ್ಟೆ. ಮಾವನವರಿಗೂ ಅದು ಹಿಡಿಸಿತು. ಒಂದು ಎಕರೆ ಇಪ್ಪತ್ತು ಗುಂಟೆಯ ಎದುರು 1.5 ಎಂದು ಬರೆದವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲೆಯ ಆ ನಾಲ್ಕು ಸಂಖ್ಯೆಗಳನ್ನು ತಾನಾಗಿಯೇ 1.39, 1.5, 1.75, 2.1 ಎಂದು ಬರೆದ. ಈಗ ಹೊಸ ಪ್ರಶ್ನೆ ಹಿಡಿದಿದ್ದಾನೆ: ಶಾಲೆಯ ಲೆಕ್ಕದಲ್ಲಿ 1.39 ಆದ ಮೇಲೆ 1.40 ಬರುತ್ತದೆ, ಅವೆರಡರ ನಡುವೆ ಏನೂ ಇಲ್ಲವೇ ಎಂದು.

ಶಿಕ್ಷಕಿ: ಬಹಳ ಇದೆ ಎಂದು ಹೇಳಿ. 1.39ನ್ನು 1.390 ಎಂದೂ 1.40ನ್ನು 1.400 ಎಂದೂ ಬರೆದರೆ ನಡುವೆ 1.391ರಿಂದ 1.399ರವರೆಗೆ ಒಂಬತ್ತು ಸಂಖ್ಯೆಗಳು ಕಾಣುತ್ತವೆ. ಇನ್ನೊಂದು ಸೊನ್ನೆ ಸೇರಿಸಿದರೆ ತೊಂಬತ್ತೊಂಬತ್ತು. ಪೂರ್ಣ ಸಂಖ್ಯೆಗಳಲ್ಲಿ ಒಂದರ ಮುಂದಿನದು ಯಾವುದೆಂದು ಕೇಳಬಹುದು, ದಶಮಾಂಶಗಳಲ್ಲಿ ಹಾಗೆ ಕೇಳಲಾಗುವುದಿಲ್ಲ. ಸಂಖ್ಯಾರೇಖೆಯೊಂದನ್ನು ಎಳೆದು 1.39ಕ್ಕೂ 1.40ಕ್ಕೂ ನಡುವೆ ಅಂಗೈ ಅಗಲ ಜಾಗ ಬಿಟ್ಟು, ಹತ್ತು ಭಾಗ ಮಾಡಲು ಅವನಿಗೇ ಕೊಡಿ. ಆಮೇಲೆ 1.3905 ಎಲ್ಲಿ ಬರುತ್ತದೆ ಎಂದು ಕೇಳಿ, ಅವನು ಬೆರಳಿಟ್ಟ ಜಾಗವನ್ನು ನನಗೆ ತಿಳಿಸಿ.